ಒಂದು ಇಂಗ್ಲಿಷ್ ಹಳ್ಳಿಯ ಹೆಸರಿನ ಪುಸ್ತಕ

ಸುಗ್ಗಿಯಾದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೆ ಹೆಳವರು ಬರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನು ಯಾವ ಊರಿನಿಂದ ಬಂದನು, ಅವನಿಗೆ ಮಕ್ಕಳೆಷ್ಟು, ಯಾವ ಕವಲು ಯಾವ ದಿಕ್ಕಿಗೆ ಹೋಯಿತು ಎಂಬುದನ್ನೆಲ್ಲ ಅವರು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದರು. ಕೊಟ್ಟ ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೆಳವರಿಲ್ಲ. ಅಲ್ಲಿ ಆ ಕೆಲಸವನ್ನು ಮಾಡುತ್ತ ಬಂದಿರುವುದು ಊರ ಚರ್ಚಿನ ಒಂದು ಪುಸ್ತಕ.

ಮಕ್ಕಳನ್ನು ಕಾಣಲು ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿಯ ಹಳ್ಳಿಗಳ ಹಸುರನ್ನೂ ಕಲ್ಲಿನ ಮನೆಗಳನ್ನೂ ಹೊಗಳುವುದುಂಟು. ಅಂಥ ಊರುಗಳ ಚರ್ಚಿನ ಅಂಗಳದಲ್ಲಿ ಇನ್ನೊಂದು ನೋಟವೂ ಕಣ್ಣಿಗೆ ಬೀಳುತ್ತದೆ. ಯಾರೋ ಪರ ಊರಿನವರು ಕೈಯಲ್ಲಿ ಕಾಗದ ಹಿಡಿದು, ಪಾಚಿಗಟ್ಟಿದ ಸಮಾಧಿಕಲ್ಲುಗಳ ಮೇಲೆ ಬಗ್ಗಿ, ಅಕ್ಷರ ಕೂಡಿಸಿ ಓದುತ್ತಿರುತ್ತಾರೆ. ಇವರಲ್ಲಿ ಹೆಚ್ಚಿನವರು ಊರು ಬಿಟ್ಟುಹೋದವರ ಮರಿಮಕ್ಕಳು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಯ ಕೂಲಿ ಸಾಲದೆ ಮ್ಯಾಂಚೆಸ್ಟರಿನ ಗಿರಣಿಗೋ ಶೆಫೀಲ್ಡಿನ ಉಕ್ಕಿನ ಕಾರ್ಖಾನೆಗೋ ಕೆನಡಾ, ಆಸ್ಟ್ರೇಲಿಯಗಳಿಗೋ ಹೊರಟುಹೋದವರ ಸಂತತಿ ಈಗ ಮೂಲವನ್ನು ಹುಡುಕಿಕೊಂಡು ಬರುತ್ತಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಆ ಹುಡುಕಾಟದ ಮನಸ್ಸು ತಿಳಿಯದ್ದೇನಲ್ಲ. ಅದರ ಕ್ರಮ ಹೇಗೆ, ಅದರಿಂದ ದೊರೆಯುವುದೇನು, ಮೋಸ ಹೋಗುವುದೆಲ್ಲಿ ಎಂಬುದನ್ನು ಒಂದು ಹಳ್ಳಿಯನ್ನು ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಆ ಹಳ್ಳಿ ಡರ್ಬಿಷೈರ್ ಪ್ರಾಂತದ ಗುಡ್ಡಗಳ ನಡುವೆ ಇದೆ. ಅದರ ಹೆಸರನ್ನು ಅಕ್ಷರದಂತೆ ಓದಿದರೆ 'ಎಯಾಮ್' ಎಂದಾಗುತ್ತದೆ. ಊರವರು ಹೇಳುವುದು 'ಈಮ್' ಎಂದು. ೧೦೮೬ರಲ್ಲಿ ವಿಲಿಯಂ ದೊರೆ ಮಾಡಿಸಿದ 'ಡೂಮ್ಸ್‌ಡೇ' ಎಂಬ ಭೂಮಿ ಕಂದಾಯದ ಮಹಾಪುಸ್ತಕದಲ್ಲಿಯೂ ಈ ಊರಿದೆ. ಚರ್ಚಿನ ಅಂಗಳದಲ್ಲಿ ಅದಕ್ಕೂ ಹಿಂದಿನ, ಸುಮಾರು ಎಂಟನೆಯ ಶತಮಾನದ, ಕೆತ್ತನೆಯ ಶಿಲುಬೆಗಲ್ಲು ನಿಂತಿದೆ. ಸೀಸದ ಅದಿರನ್ನು ಅಗೆಯುವುದೂ ಕುರಿ ಸಾಕುವುದೂ ಬೇಸಾಯವೂ ಅಲ್ಲಿಯವರ ಹಳೆಯ ಕಸುಬುಗಳು. ೧೬೬೫-೬೬ರಲ್ಲಿ ಪ್ಲೇಗಿನ ಮಾರಿ ಈ ಊರನ್ನು ಹೊಕ್ಕು ಅದರ ಹೆಸರನ್ನು ಲೋಕಕ್ಕೆಲ್ಲ ತಿಳಿಸಿತು. ಆ ಕಥೆಗೆ ಬರುವ ಮೊದಲು ಪುಸ್ತಕದ ವಿಚಾರವನ್ನು ತಿಳಿಯಬೇಕು.

ಪುಸ್ತಕ ಹುಟ್ಟಿದ ಬಗೆ

ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೩೮ನೆಯ ಇಸವಿಯ ಸೆಪ್ಟೆಂಬರಿನಲ್ಲಿ, ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ ಒಂದು ಅಪ್ಪಣೆ ಹೊರಡಿಸಿದನು. ಪ್ರತಿಯೊಂದು ಪ್ಯಾರಿಷ್‌, ಎಂದರೆ ಒಂದು ಚರ್ಚಿಗೆ ಸೇರಿದ ಗ್ರಾಮದ ಎಲ್ಲೆ, ಒಂದು ಪುಸ್ತಕವನ್ನು ಇಟ್ಟುಕೊಳ್ಳತಕ್ಕದ್ದು. ಆ ವಾರ ನಡೆದ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಪಾದ್ರಿಯು ಭಾನುವಾರ ಅದರಲ್ಲಿ ಬರೆಯತಕ್ಕದ್ದು. ಪುಸ್ತಕವನ್ನು ಬೀಗವಿರುವ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಇದು ಹೊಸ ತೆರಿಗೆಗೆ ಪೀಠಿಕೆಯೆಂದು ಜನ ಅಂಜಿದರಂತೆ. ೧೬೦೩ರ ನಿಯಮದಂತೆ ಪೆಟ್ಟಿಗೆಗೆ ಮೂರು ಬೀಗ ಬಂದುವು. ಒಂದು ಕೀಲಿ ಪಾದ್ರಿಯದು, ಉಳಿದೆರಡು ಚರ್ಚಿನ ಇಬ್ಬರು ಪಾರುಪತ್ಯಗಾರರವು. ಮೂವರೂ ಕೂಡಿದ ಹೊರತು ಪೆಟ್ಟಿಗೆ ತೆರೆಯದು. ಓಕ್ ಮರದ ಅಂಥ ಪೆಟ್ಟಿಗೆಗಳು ಎಷ್ಟೋ ಚರ್ಚುಗಳಲ್ಲಿ ಇಂದಿಗೂ ಇವೆ.

ಮೊದಲ ಪುಸ್ತಕಗಳು ಕಾಗದದವು. ಹುಳು ತಿಂದು ಹಾಳಾಗುತ್ತಿದ್ದುವು. ಆದಕಾರಣ ೧೫೯೮ರಲ್ಲಿ ಚರ್ಮಪತ್ರದ ಮೇಲೆ ನಕಲು ತೆಗೆಯಬೇಕೆಂದೂ, ವರ್ಷಕ್ಕೊಮ್ಮೆ ಒಂದು ಪ್ರತಿಯನ್ನು ಬಿಷಪ್ಪರ ಕಚೇರಿಗೆ ಕಳುಹಿಸಬೇಕೆಂದೂ ವಿಧಿಸಿದರು. ಊರ ಪುಸ್ತಕ ಸುಟ್ಟುಹೋದರೆ ಬಿಷಪ್ಪರ ಪ್ರತಿ ಉಳಿದಿರಬಹುದು. ಎರಡೂ ಉಳಿದಲ್ಲಿ ಒಂದನ್ನು ಇನ್ನೊಂದರಿಂದ ತಿದ್ದಿಕೊಳ್ಳಬಹುದು. ಪುಸ್ತಕದ ಭಾಷೆ ಅನೇಕ ಕಡೆ ಲ್ಯಾಟಿನ್ ಆಗಿದ್ದು, ೧೭೩೩ರಿಂದ ಇಂಗ್ಲಿಷೇ ಕಡ್ಡಾಯವಾಯಿತು. ೧೭೫೪ರಿಂದ ಮದುವೆಯ ದಾಖಲೆಗೆ ವಧೂವರರೂ ಸಾಕ್ಷಿಗಳೂ ರುಜು ಹಾಕಬೇಕಾಯಿತು. ಬರೆಯಬಾರದವರು ಕತ್ತರಿ ಗುರುತು ಹಾಕಿದರು. ಇನ್ನೂರೆಪ್ಪತ್ತು ವರ್ಷಗಳ ಹಿಂದೆ ಒಬ್ಬ ಕೂಲಿಯಾಳು ನಡುಗುವ ಕೈಯಿಂದ ಎಳೆದ ಆ ಎರಡು ಗೆರೆಗಳು ಎಷ್ಟೋ ವಂಶಗಳಿಗೆ ತಮ್ಮ ಹಿರಿಯನ ಕೈಬರಹದ ಏಕಮಾತ್ರ ಕುರುಹಾಗಿವೆ.

ಹಿಂದಕ್ಕೆ ನಡೆಯಬೇಕು

ವಂಶ ಹುಡುಕುವವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ ಮೇಲಿನಿಂದ ಕೆಳಕ್ಕೆ ಬರುವುದು. ಯಾವನೋ ಪ್ರಸಿದ್ಧ ಪುರುಷನ ಅಡ್ಡಹೆಸರು ತಮ್ಮದೂ ಆಗಿದ್ದರೆ ಅವನೇ ಮೂಲಪುರುಷನೆಂದು ಹಿಡಿದು, ಅಲ್ಲಿಂದ ತಮ್ಮವರೆಗೆ ಏಣಿ ಕಟ್ಟುತ್ತಾರೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧ. ಬಲ್ಲದ್ದರಿಂದ ಅರಿಯದ್ದಕ್ಕೆ, ಇಂದಿನಿಂದ ನಿನ್ನೆಗೆ, ಒಂದೊಂದೇ ಮೆಟ್ಟಲು ಹಿಂದಕ್ಕೆ ಹೋಗಬೇಕು. ಮೊದಲು ಮನೆಯ ಮುದುಕರನ್ನು ಕೇಳಬೇಕು. ಹಳೆಯ ಕಾಗದ, ಫೋಟೋ, ಬೈಬಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟ ಹುಟ್ಟಿದ ದಿನಗಳನ್ನು ನೋಡಬೇಕು.

ಆಮೇಲೆ ಸರ್ಕಾರದ ಜನನ ಮರಣ ದಾಖಲೆ. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಇದು ಶುರುವಾದುದು ೧೮೩೭ರ ಜುಲೈ ೧ರಂದು. ಜನನಪತ್ರದಲ್ಲಿ ತಾಯಿಯ ತವರಿನ ಅಡ್ಡಹೆಸರು ಸಿಗುತ್ತದೆ. ಮದುವೆಯ ಪತ್ರದಲ್ಲಿ ಇಬ್ಬರ ತಂದೆಯರ ಹೆಸರೂ ಕಸುಬೂ ಸಿಗುತ್ತವೆ. ತಾಯಂದಿರ ಹೆಸರು? ಅದಕ್ಕೆ ಮದುವೆಯ ಪತ್ರದಲ್ಲಿ ಜಾಗವಾದುದು ೨೦೨೧ರ ಮೇ ತಿಂಗಳಲ್ಲಿ! ನೂರ ಎಂಬತ್ತಕ್ಕೂ ಮಿಕ್ಕಿದ ವರ್ಷ ಕಾಗದದ ಮೇಲೆ ಮದುಮಕ್ಕಳಿಗೆ ತಾಯಿ ಇರಲಿಲ್ಲ.

ಮೂರನೆಯದು ಜನಗಣತಿ. ಇದು ೧೮೦೧ರಿಂದ ಹತ್ತು ವರ್ಷಕ್ಕೊಮ್ಮೆ ನಡೆದಿದ್ದರೂ ದೇಶಕ್ಕೆಲ್ಲ ಹೆಸರು ಹಿಡಿದು ಬರೆದದ್ದು ೧೮೪೧ರಿಂದ. ಆ ವರ್ಷ ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದರು. ಮೂವತ್ತೊಂಬತ್ತರವನು ಮೂವತ್ತೈದಾದನು. ಇದನ್ನು ತಿಳಿಯದವರು ತಪ್ಪು ವರ್ಷದಲ್ಲಿ ಹುಡುಕಿ ದಣಿಯುತ್ತಾರೆ. ೧೮೫೧ರಿಂದ ಹುಟ್ಟಿದ ಊರನ್ನೂ ಮನೆಯ ಯಜಮಾನನಿಗೆ ಏನಾಗಬೇಕೆಂಬುದನ್ನೂ ಬರೆದರು. ಪಟ್ಟಣದ ಗಿರಣಿಯ ಕೇರಿಯಲ್ಲಿದ್ದವನ ಹೆಸರಿನ ಎದುರಿಗೆ ಹಳ್ಳಿಯ ಹೆಸರು ಮೊದಲು ಕಾಣುವುದು ಇಲ್ಲಿಯೇ. ಹೆಸರಿರುವ ಈ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟಿರುತ್ತಾರೆ. ೧೯೨೧ರದು ೨೦೨೨ರ ಜನವರಿಯಲ್ಲಿ ಜನರಿಗೆ ದೊರೆಯಿತು. ಮುಂದಿನದು ದೊರೆಯದು. ೧೯೩೧ರ ಹಾಳೆಗಳು ೧೯೪೨ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದುವು, ೧೯೪೧ರಲ್ಲಿ ಯುದ್ಧದ ದೆಸೆಯಿಂದ ಗಣತಿಯೇ ನಡೆಯಲಿಲ್ಲ.

ಈ ಮೂರು ಮೆಟ್ಟಲು ಹತ್ತಿದ ಮೇಲೆ ಚರ್ಚಿನ ಪುಸ್ತಕ. ಈಗ ಅದನ್ನು ನೋಡಲು ಪಾದ್ರಿಯ ಮನೆಗೆ ಹೋಗಬೇಕಾಗಿಲ್ಲ. ೧೯೭೮ರ ಚರ್ಚಿನ ಕಾಯಿದೆಯಾದ ಮೇಲೆ, ನೂರು ವರ್ಷ ದಾಟಿದ ಪುಸ್ತಕಗಳನ್ನು ಸಾಮಾನ್ಯವಾಗಿ ಜಿಲ್ಲೆಯ ದಫ್ತರಖಾನೆಯಲ್ಲಿ ಇಡುತ್ತಾರೆ. ಡರ್ಬಿಷೈರಿಗೆ ಅದು ಮ್ಯಾಟ್‌ಲಾಕ್ ಎಂಬ ಊರಿನಲ್ಲಿದೆ. ಅನೇಕ ಜಿಲ್ಲೆಗಳ ಪುಸ್ತಕಗಳ ಛಾಯಾಚಿತ್ರಗಳನ್ನು ಇಂದು ದೂರದಲ್ಲಿ ಕುಳಿತೂ ಕಂಪ್ಯೂಟರಿನಲ್ಲಿ ಓದಬಹುದು.

ಬಡವರನ್ನು ಹುಡುಕುವುದೆಲ್ಲಿ?

ಜಮೀನ್ದಾರನಿಗೆ ಉಯಿಲು ಉಂಟು, ಕ್ರಯಪತ್ರ ಉಂಟು, ಚರ್ಚಿನ ಗೋಡೆಯಲ್ಲಿ ಅಮೃತಶಿಲೆಯ ಫಲಕ ಉಂಟು. ಕೂಲಿಯವನ ಕಥೆ ಏನು? ಅವನ ಸಮಾಧಿಗೆ ಕಲ್ಲೂ ಇರುವುದಿಲ್ಲ. ಆದರೂ ಅವನ ವಿಷಯವಾಗಿ ಕೆಲವೊಮ್ಮೆ ಜಮೀನ್ದಾರನಿಗಿಂತ ಹೆಚ್ಚು ತಿಳಿಯುತ್ತದೆ. ಇದಕ್ಕೆ ಕಾರಣ ದಯೆಯಲ್ಲ, ದುಡ್ಡಿನ ಲೆಕ್ಕ.

ಆ ಕಾಲದಲ್ಲಿ ಬಡವರಿಗೆ ಅನ್ನವಸ್ತ್ರ ಕೊಡುವ ಭಾರ ಆಯಾ ಪ್ಯಾರಿಷ್‌ನದು. ಅದಕ್ಕಾಗಿ ಊರವರು ತೆರಿಗೆ ತೆರಬೇಕು. ಪರ ಊರ ಬಡವನು ತಮ್ಮ ತಲೆಗೆ ಬಾರದಂತೆ ನೋಡಿಕೊಳ್ಳಲು ಪ್ರತಿ ಊರೂ ಹವಣಿಸುತ್ತಿತ್ತು. ೧೬೬೨ರ ಕಾಯಿದೆಯ ಮೇರೆಗೆ ಅಂಥವನನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ, ಅವನ 'ಸ್ವಂತ' ಊರಿಗೆ ಅಟ್ಟಬಹುದಾಗಿತ್ತು. ಎಲ್ಲಿ ಹುಟ್ಟಿದೆ, ಯಾರ ಬಳಿ ಕಸುಬು ಕಲಿತೆ, ಯಾರ ಮನೆಯಲ್ಲಿ ಪೂರ್ತಿ ಒಂದು ವರ್ಷ ಸಂಬಳಕ್ಕಿದ್ದೆ, ಹೆಂಡತಿ ಯಾರು, ಮಕ್ಕಳೆಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಓದುಬರಹ ಬಾರದ ಒಬ್ಬ ದನಕಾಯುವವನ ಜೀವನಚರಿತ್ರೆ ಹೀಗೆ ಒಂದು ಹಾಳೆಯಲ್ಲಿ ಸಿಗುತ್ತದೆ. ತುಂಬಿದ ಬಸುರಿಯನ್ನು, ಹುಟ್ಟುವ ಕೂಸು ತಮ್ಮ ಲೆಕ್ಕಕ್ಕೆ ಬಾರದಿರಲಿ ಎಂದು, ಗಡಿ ದಾಟಿಸಿದ ಸಂಗತಿಗಳೂ ಇಂಥ ಕಡತಗಳಲ್ಲಿ ಉಂಟು. ಹಸುರು ಹಳ್ಳಿಯ ಚಂದವನ್ನು ಮಾತ್ರ ಕಂಡವರು ಇದನ್ನೂ ಓದಬೇಕು.

ನೆಲವೂ ಒಂದು ಕಡತವೇ. ಬೆಳೆಯ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯನ್ನು ೧೮೩೬ರ ಕಾಯಿದೆ ಹಣದ ರೂಪಕ್ಕೆ ಬದಲಾಯಿಸಿದಾಗ ಸಾವಿರಾರು ಹಳ್ಳಿಗಳ ನಕ್ಷೆ ತಯಾರಾಯಿತು. ನಮ್ಮ ಸರ್ವೆ ನಕ್ಷೆ ಮತ್ತು ಪಹಣಿಗಳಂತೆ, ಪ್ರತಿ ಹೊಲಕ್ಕೆ ನಂಬರು. ಜೊತೆಯ ಪಟ್ಟಿಯಲ್ಲಿ ಒಡೆಯನಾರು, ಉಳುವವನಾರು, ಹೊಲದ ಹೆಸರೇನು, ಬೆಳೆಯೇನು ಎಂಬ ವಿವರ. ಮುತ್ತಜ್ಜ ಉತ್ತ ಹೊಲದ ಬದುವಿನ ಮೇಲೆ ಮರಿಮಗ ಹೋಗಿ ನಿಲ್ಲಲು ಈ ನಕ್ಷೆ ದಾರಿ ತೋರಿಸುತ್ತದೆ.

ಮಾರಿ ಬಂದ ವರ್ಷ

ಈಗ ಈಮ್ ಹಳ್ಳಿಯ ಕಥೆ. ಊರಲ್ಲಿ ಹೇಳುವಂತೆ ಅದು ಹೀಗೆ: ೧೬೬೫ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿತ್ತು. ಅಲ್ಲಿಂದ ಈಮ್‌ನ ದರ್ಜಿಯೊಬ್ಬನಿಗೆ ಬಟ್ಟೆಯ ಪೆಟ್ಟಿಗೆ ಬಂತು. ಬಟ್ಟೆ ಒದ್ದೆಯಾಗಿದ್ದಿತೆಂದು ಅವನ ಕೆಲಸಗಾರ ಜಾರ್ಜ್ ವಿಕರ್ಸ್ ಅದನ್ನು ಬೆಂಕಿಯ ಮುಂದೆ ಹರವಿದನು. ಅದರೊಳಗಿನ ಚಿಗಟಗಳು ಎದ್ದುವು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡನು. ಸೆಪ್ಟೆಂಬರ್ ೭ರಂದು ಅವನನ್ನು ಹೂಳಿದರು. ಚಳಿಗಾಲದಲ್ಲಿ ಸ್ವಲ್ಪ ತಗ್ಗಿದ ಮಾರಿ ೧೬೬೬ರ ಬೇಸಗೆಯಲ್ಲಿ ಉಗ್ರವಾಯಿತು.

ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಅಲ್ಲಿಗೆ ಬಂದು ಬಹಳ ಕಾಲವಾಗಿರಲಿಲ್ಲ. ಅವನಿಗೆ ಮುಂಚೆ ಇದ್ದ ಥಾಮಸ್ ಸ್ಟಾನ್ಲಿ ಮತಭೇದದಿಂದ ಕೆಲಸ ಕಳೆದುಕೊಂಡಿದ್ದರೂ ಜನರ ವಿಶ್ವಾಸ ಅವನ ಮೇಲೆಯೇ ಇತ್ತು. ಆಪತ್ತಿನಲ್ಲಿ ಇಬ್ಬರೂ ಹಗೆ ಮರೆತು ಒಂದಾದರು. ಯಾರೂ ಊರ ಗಡಿ ದಾಟಬಾರದು. ಸತ್ತವರನ್ನು ಅವರವರ ಮನೆಯವರೇ ಹೊಲದಲ್ಲಿ ಹೂಳಬೇಕು. ಪ್ರಾರ್ಥನೆ ಚರ್ಚಿನೊಳಗೆ ಬೇಡ, ಬಯಲಿನ ಕಣಿವೆಯಲ್ಲಿ ಅಂತರ ಬಿಟ್ಟು ನಿಂತು ಆಗಲಿ ಎಂದು ಜನರನ್ನು ಒಪ್ಪಿಸಿದರು. ಡೆವನ್‌ಷೈರಿನ ಅರ್ಲ್ ಮತ್ತು ನೆರೆ ಊರಿನವರು ಗಡಿಯಲ್ಲಿ ಆಹಾರ ಇಟ್ಟುಹೋಗುತ್ತಿದ್ದರು. ಅದರ ಹಣವನ್ನು ಗಡಿಕಲ್ಲಿನ ಕುಳಿಗಳಲ್ಲಿ, ವಿನಿಗರಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಆ ಕಲ್ಲು ಇಂದಿಗೂ ಇದೆ. ಆಗಸ್ಟ್ ೨೫ರಂದು ಪಾದ್ರಿಯ ಹೆಂಡತಿ ಕ್ಯಾಥರೀನ್ ತೀರಿಕೊಂಡಳು. ನವೆಂಬರಿನ ಆರಂಭಕ್ಕೆ ಮಾರಿ ನಿಂತಿತು. ಅದೇ ತಿಂಗಳು ಬರೆದ ಕಾಗದದಲ್ಲಿ ಪಾದ್ರಿಯು ೭೬ ಮನೆಗಳಲ್ಲಿ ೨೫೯ ಜನ ಸತ್ತರೆಂದು ಲೆಕ್ಕ ಕೊಟ್ಟಿದ್ದಾನೆ.

೧೮೯೬ರಲ್ಲಿ ಮುಂಬಯಿಗೂ ೧೮೯೮ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದಾಗ ನಮ್ಮ ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡುದನ್ನು ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ, ಊರು ಬಿಡದೆ ಕುಳಿತುದು ಎಂಥ ಕೆಲಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಥೆಯನ್ನು ಒರೆಗೆ ಹಚ್ಚಿದಾಗ

ಇಷ್ಟು ಕಥೆ. ಇದರಲ್ಲಿ ಪುಸ್ತಕ ಹೇಳುವುದೆಷ್ಟು? ಊರಿನ ಹೊರಗೆ ರೈಲಿ ಎಂಬ ಗುಡ್ಡದ ಓರೆಯಲ್ಲಿ, ದುಂಡನೆಯ ಕಲ್ಲಿನ ಆವರಣದೊಳಗೆ, ಹ್ಯಾನ್‌ಕಾಕ್ ಎಂಬ ಮನೆತನದ ಸಮಾಧಿಗಳಿವೆ. ೧೬೬೬ರ ಆಗಸ್ಟ್ ೩ರಿಂದ ೧೦ರವರೆಗೆ ಎಂಟು ದಿನಗಳಲ್ಲಿ ಆ ಮನೆಯ ತಂದೆ ಮತ್ತು ಆರು ಮಕ್ಕಳು ಸತ್ತರು. ತಾಯಿ ಎಲಿಜಬೆತ್ ಒಬ್ಬಳೇ ಗುಂಡಿ ತೋಡಿ, ಹೆಣಗಳನ್ನು ಎಳೆದುತಂದು ಮುಚ್ಚಿದಳೆಂದು ಹೇಳುತ್ತಾರೆ. ಪುಸ್ತಕದಲ್ಲಿ ಇರುವುದು ಏಳು ಸಾಲು, ಹೆಸರು ಮತ್ತು ತಾರೀಖು ಮಾತ್ರ. ಗುಂಡಿ ತೋಡಿದವರಾರೆಂದು ಪುಸ್ತಕ ಹೇಳುವುದಿಲ್ಲ; ಎಲಿಜಬೆತ್ ಸಾಯಲಿಲ್ಲವಾದ ಕಾರಣ ಆ ಸಾಲುಗಳಲ್ಲಿ ಅವಳೇ ಇಲ್ಲ. ಕಥೆಯನ್ನು ಉಳಿಸಿದುದು ಜನರ ಬಾಯಿ, ತಾರೀಖನ್ನು ಉಳಿಸಿದುದು ಪುಸ್ತಕ. ಒಂದಿಲ್ಲದೆ ಇನ್ನೊಂದು ಅರ್ಧ.

ಪುಸ್ತಕವನ್ನೂ ಕಣ್ಣು ಮುಚ್ಚಿ ನಂಬಲಾಗದು. ಮಾರಿಯ ವರ್ಷಗಳಿಗೆ ನಮಗೆ ಉಳಿದಿರುವುದು ಮೂಲ ಪುಸ್ತಕವಲ್ಲ, ಅನಂತರ ಮಾಡಿದ ನಕಲು. ನಕಲು ಮಾಡುವವನ ಕಣ್ಣು ಜಾರಬಹುದು, ಹೆಸರು ಮಾರ್ಪಡಬಹುದು. ಸತ್ತವರ ಸಂಖ್ಯೆಯನ್ನು ಎಣಿಸಿದವರಲ್ಲಿ ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚುಕಡಮೆಯಾಗಿರುವುದು ಸಹಜ. ವಾಡಿಕೆಯಲ್ಲಿ ೨೬೦ ಎನ್ನುತ್ತಾರೆ.

ವರ್ಷದ ಲೆಕ್ಕದಲ್ಲಿಯೂ ಒಂದು ತೊಡಕಿದೆ. ೧೭೫೧ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮೊದಲಾಗುತ್ತಿದ್ದುದು ಜನವರಿ ೧ಕ್ಕಲ್ಲ, ಮಾರ್ಚ್ ೨೫ಕ್ಕೆ. ಆದುದರಿಂದ ಅಂದಿನ ಪುಸ್ತಕದಲ್ಲಿ '೧೬೬೫ರ ಫೆಬ್ರವರಿ' ಎಂದಿದ್ದರೆ ಅದು ನಮ್ಮ ಲೆಕ್ಕಕ್ಕೆ ೧೬೬೬ರ ಫೆಬ್ರವರಿ. ತಿಳಿಯದವನು ಓದಿದರೆ, ಸೆಪ್ಟೆಂಬರಿನಲ್ಲಿ ಬಂದ ಪ್ಲೇಗಿಗೆ ಜನ ಅದಕ್ಕೆ ಮುಂಚಿನ ಫೆಬ್ರವರಿಯಲ್ಲಿಯೇ ಸತ್ತರೆಂದಾಗುತ್ತದೆ! ಚೈತ್ರಕ್ಕೆ ವರ್ಷ ಹಿಡಿಯುವ ನಮಗೆ ಈ ಗೋಜು ಬೇಗ ಅರ್ಥವಾದೀತು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಈಮ್‌ನಲ್ಲಿದ್ದವರು ೩೫೦ ಜನ, ಬದುಕಿ ಉಳಿದವರು ೮೩ ಮಂದಿ ಮಾತ್ರ ಎಂಬ ಲೆಕ್ಕ ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂತು. ಕೇಳಿದವರ ಎದೆ ನಡುಗಿಸುವ ಲೆಕ್ಕ ಅದು. ವಂಶ ಹುಡುಕುವವರ ಕ್ರಮದಿಂದ ಇದನ್ನು ಪರೀಕ್ಷಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಆ ಕಾಲದಲ್ಲಿ ಒಲೆಗಳ ಮೇಲೆ ತೆರಿಗೆ ಇತ್ತು. ಒಲೆಯೊಂದಕ್ಕೆ ವರ್ಷಕ್ಕೆ ಎರಡು ಷಿಲಿಂಗು. ೧೬೬೪ರ ಒಲೆ ತೆರಿಗೆಯ ಪಟ್ಟಿಯಲ್ಲಿ ಯಜಮಾನರ ಹೆಸರುಗಳಿವೆ. ಮಾರಿಗೆ ಮುಂಚೆ ನಾಮಕರಣವಾಗಿ, ಸತ್ತವರ ಪಟ್ಟಿಯಲ್ಲಿ ಇಲ್ಲದೆ, ಮಾರಿಯ ಅನಂತರ ಮದುವೆಯಾದವರು, ಮಕ್ಕಳನ್ನು ಹೆತ್ತವರು, ಮುಪ್ಪಿನಲ್ಲಿ ಸತ್ತವರು ಎಷ್ಟೆಂದು ಹೆಸರು ಹೆಸರಾಗಿ ನೋಡುತ್ತ ಹೋದರೆ ಊರಿನ ಜನಸಂಖ್ಯೆ ಏಳುನೂರಕ್ಕೆ ಕಡಮೆ ಇರಲಿಲ್ಲವೆಂದು ತಿಳಿಯಿತು. ಎಂದರೆ ಬದುಕಿ ಉಳಿದವರು ೮೩ ಅಲ್ಲ, ನಾನೂರಕ್ಕೂ ಹೆಚ್ಚು.

ಇದರಿಂದ ಸತ್ತವರ ತ್ಯಾಗಕ್ಕೆ ಕುಂದು ಬಂದಿತೆ? ಖಂಡಿತ ಇಲ್ಲ. ಮೂವರಲ್ಲಿ ಒಬ್ಬರು ಸತ್ತರೂ ಅದು ಘೋರವೇ. ಆದರೆ ಸೊಗಸಾದ ಒಂದು ಲೆಕ್ಕ ನೂರಾರು ಜನ ಬದುಕಿದ್ದವರನ್ನು ಊರಿನಿಂದ ಅಳಿಸಿಹಾಕಿತ್ತು. ಮಾರಿ ನಿಂತ ಮೇಲೆ ಹಾಸಿಗೆ ಬಟ್ಟೆ ಸುಟ್ಟು, ಮನೆ ತೊಳೆದು, ಬಿದ್ದ ಹೊಲವನ್ನು ಮತ್ತೆ ಉತ್ತು, ಮಕ್ಕಳನ್ನು ಸಾಕಿ ಊರನ್ನು ಉಳಿಸಿದವರು ಇವರು. ಇವರ ಪಾಲಿಗೆ ಸ್ಮಾರಕವಿರಲಿಲ್ಲ, ಲೆಕ್ಕವೂ ಇರಲಿಲ್ಲ. ನಾಮಕರಣದ ಪುಸ್ತಕವನ್ನು ತಾಳ್ಮೆಯಿಂದ ಓದಿದವರು ಇವರನ್ನು ಮರಳಿ ಊರಿಗೆ ಕರೆತಂದರು.

ಅದೇ ಹೆಸರುಗಳು ವಿಜ್ಞಾನಕ್ಕೂ ಉಪಯೋಗವಾಗಿವೆ. ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಪಟ್ಟಿಯಲ್ಲಿ ಯಾರ ಮನೆಯಲ್ಲಿ ಯಾರು ಯಾವ ದಿನ ಸತ್ತರೆಂಬುದನ್ನು ಗಣಿತಕ್ಕೆ ಅಳವಡಿಸಿ, ಸೋಂಕಿನಲ್ಲಿ ಸುಮಾರು ಕಾಲುಭಾಗ ಇಲಿಗಳ ಮೂಲಕವೂ ಮುಕ್ಕಾಲುಭಾಗ ಮನುಷ್ಯರಿಂದ ಮನುಷ್ಯರಿಗೂ ಹರಡಿರಬೇಕೆಂದು ಅಂದಾಜು ಮಾಡಿತು. ಪಾದ್ರಿಯೋ ಗುಮಾಸ್ತನೋ ಶೋಕದ ನಡುವೆ ಬರೆದಿಟ್ಟ ಸಾಲುಗಳು ಮುನ್ನೂರೈವತ್ತು ವರ್ಷಗಳ ಮೇಲೆ ಹೀಗೆ ಮಾತಾಡಿದುವು.

ನಮ್ಮ ನಾಡಿನಲ್ಲಿರುವ ಅವರ ಕೊಂಡಿ

ಇಂಗ್ಲಿಷ್ ಹಳ್ಳಿಗಳ ವಂಶಾವಳಿಯ ಕೆಲವು ಎಳೆಗಳು ನಮ್ಮ ನಾಡಿಗೂ ಬರುತ್ತವೆ. ಕಂಪನಿಯ ಪಟಾಲಮ್ಮಿಗೆ ಸೇರಿದ ಹಳ್ಳಿಯ ಹುಡುಗರಲ್ಲಿ ಎಷ್ಟೋ ಮಂದಿ ಶ್ರೀರಂಗಪಟ್ಟಣದಲ್ಲಿಯೂ ಬೆಂಗಳೂರಿನ ದಂಡಿನಲ್ಲಿಯೂ ಮಣ್ಣಾದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಗ್ಯಾರಿಸನ್ ಸ್ಮಶಾನವನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಭಾರತದಲ್ಲಿ ಅವರ ಪಾದ್ರಿಗಳು ಮಾಡಿಸಿದ ನಾಮಕರಣ, ಮದುವೆ, ಶವಸಂಸ್ಕಾರಗಳ ನಕಲುಗಳನ್ನು ಬಂಗಾಳ, ಮದ್ರಾಸು, ಮುಂಬಯಿ ಎಂಬ ಮೂರು ವಿಭಾಗಗಳಾಗಿ ಲಂಡನ್ನಿಗೆ ಕಳುಹಿಸುತ್ತಿದ್ದರು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಫ್ತರಗಳಲ್ಲಿ ಇವೆ. ಬೆಂಗಳೂರಿನವನ್ನು ಮದ್ರಾಸಿನ ವಿಭಾಗದಲ್ಲಿ ನೋಡಬೇಕು. ಮಗನು ಎಲ್ಲಿ ಸತ್ತನೆಂದು ತಿಳಿಯದೆ ಕಾದ ಹಳ್ಳಿಯ ತಾಯಿಗೆ ಸಿಗದ ಉತ್ತರ ಇಂದು ಅವಳ ಸಂತತಿಗೆ ಅಲ್ಲಿ ಸಿಗುತ್ತದೆ.

ಕಲಿಯಬೇಕಾದುದು

ಈಮ್‌ನಲ್ಲಿ ಪ್ರತಿ ವರ್ಷ ಆಗಸ್ಟಿನ ಕಡೆಯ ಭಾನುವಾರ ಜನರು ಆ ಬಯಲು ಕಣಿವೆಯಲ್ಲಿ ಕೂಡಿ ಸತ್ತವರನ್ನು ನೆನೆಯುತ್ತಾರೆ. ಮಾರಿ ಹೊಕ್ಕ ಮನೆಗಳ ಮುಂದೆ, ಆ ಮನೆಯಲ್ಲಿ ಸತ್ತವರ ಹೆಸರುಗಳ ಫಲಕಗಳಿವೆ. ೧೯೯೪ರಲ್ಲಿ ಊರವರು ತಮ್ಮದೇ ವಸ್ತುಸಂಗ್ರಹಾಲಯವನ್ನೂ ತೆರೆದರು. ಊರು ಚಿಕ್ಕದು, ಆದರೆ ತನ್ನವರ ಹೆಸರನ್ನು ಬಲ್ಲದು.

ಈ ಕ್ರಮದಿಂದ ನಾವು ಕಲಿಯಬೇಕಾದುದು ಮೂರು ಮಾತು. ಕೇಳಿದ ಕಥೆಯನ್ನು ಬಿಸುಡಬೇಡಿ, ಆದರೆ ಕಾಗದದ ಒರೆಗೆ ಹಚ್ಚಿ. ಕಾಗದವನ್ನು ನಂಬಿ, ಆದರೆ ಬರೆದವನಾರು, ಯಾವಾಗ ಬರೆದನು, ಯಾರಿಗಾಗಿ ಬರೆದನು ಎಂದು ಕೇಳಿ. ಕಡೆಯದಾಗಿ, ಯಾರ ಹೆಸರು ಬರೆದಿಲ್ಲವೋ ಅವರನ್ನು ನೆನಪಿಡಿ. ಹೆಚ್ಚಾಗಿ ಅವರು ಹೆಂಗಸರು, ಕೂಲಿಯವರು, ಬದುಕಿ ಉಳಿದು ದುಡಿದವರು.

ನಮ್ಮ ಮನೆಗಳಲ್ಲಿ ಚರ್ಚಿನ ಪುಸ್ತಕವಿಲ್ಲ. ಊರಿಗೂ ನಮಗೂ ನಡುವೆ ಒಂದೆರಡು ತಲೆಮಾರು ಸರಿದಿದೆ. ಹೆಳವನು ಬಂದು ನಿಂತರೆ ಬಾಗಿಲು ತೆರೆಯುವವರು ಆ ಮನೆಯಲ್ಲಿ ಇಲ್ಲ. ಈ ಸಲ ರಜೆಗೆ ಊರಿಗೆ ಹೋದಾಗ ಒಂದು ನೋಟ್ ಪುಸ್ತಕ ತೆಗೆದುಕೊಂಡು ಹೋಗಿ. ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಅಜ್ಜನ ಹೆಸರನ್ನು ಕೇಳುವ ಮೊದಲು ಅಜ್ಜಿಯ ಹೆಸರನ್ನೂ ಅವಳ ತವರೂರನ್ನೂ ಕೇಳಿ ಬರೆದುಕೊಳ್ಳಿ. ಬರೆದ ದಿನದ ತಾರೀಖನ್ನೂ, ಹೇಳಿದವರ ಹೆಸರನ್ನೂ ಕೆಳಗೆ ಹಾಕಿ.